ಮೂವತ್ತೇಳು ಸಂಜೆ

೨೦೨೪ರ ಮಾರ್ಚ್ ೧೧, ಸೋಮವಾರ. ಮರುಳಸಿದ್ದಯ್ಯನವರ ಮಾತ್ರೆಯ ಡಬ್ಬಿಯಲ್ಲಿ ಎಪ್ಪತ್ತೇಳು ಮಾತ್ರೆಗಳಿದ್ದವು. ಇರಬೇಕಾದದ್ದು ನಲವತ್ತು.

ಲೆಕ್ಕ ಸರಳ. ಜನವರಿ ಒಂದರಂದು ತಂದದ್ದು ನೂರ ಎಂಬತ್ತು. ಸಕ್ಕರೆ ಕಾಯಿಲೆಗೆ ಬೆಳಗ್ಗೆ ಒಂದು, ಸಂಜೆ ಒಂದು. ಹಿಂದಿನ ದಿನಕ್ಕೆ ಎಪ್ಪತ್ತು ದಿನ ತುಂಬಿತ್ತು, ಅಂದಿನ ಮಾತ್ರೆ ಇನ್ನೂ ನುಂಗಿರಲಿಲ್ಲ. ನೂರ ನಲವತ್ತು ಮಾತ್ರೆ ಹೊಟ್ಟೆಗೆ ಹೋಗಿರಬೇಕಿತ್ತು. ಎಣಿಸಿದವರು ಹೆಂಡತಿ ನಾಗರತ್ನಮ್ಮ. ಆದ್ದರಿಂದ ಮರುಳಸಿದ್ದಯ್ಯನವರು ಎಣಿಕೆಯನ್ನು ಒಪ್ಪಲಿಲ್ಲ.

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಅವರು. ಕೊಟ್ಟ ಟಿಕೆಟ್ಟಿಗೂ ಚೀಲದಲ್ಲಿದ್ದ ಹಣಕ್ಕೂ ಒಂದು ದಿನವೂ ವ್ಯತ್ಯಾಸ ಬಂದದ್ದಿಲ್ಲ. ಅಂಥವರು ಅದೇ ಬೆಳಗ್ಗೆ ಮಧುಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ವನಜಾ ಅವರ ಎದುರು ಕುಳಿತು, ಒಂದು ಮಾತ್ರೆಯನ್ನೂ ಬಿಟ್ಟಿಲ್ಲ ಎಂದು ಹೇಳಿ ಬಂದಿದ್ದರು. ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ ಇನ್ನೂರ ಮೂವತ್ತಾರು ಇತ್ತು. ಇಷ್ಟಿರುವಾಗ ಬಲಗಣ್ಣಿನ ಪೊರೆ ತೆಗೆಯಲಾಗದು, ಏಪ್ರಿಲ್ ಹದಿನೈದರ ಆಪರೇಷನ್ ಮುಂದಕ್ಕೆ ಹೋಗಬೇಕಾದೀತು ಎಂದಿದ್ದರು ಡಾಕ್ಟರು. ಮಾತ್ರೆಗಳನ್ನು ಸರಿಯಾಗಿ ನುಂಗಿಯೂ ಹೀಗಿದ್ದರೆ ಗುರುವಾರದಿಂದ ಇಂಜೆಕ್ಷನ್ ಶುರುಮಾಡುವುದು ಎಂದು ಚೀಟಿಯಲ್ಲಿ ಬರೆದೂ ಇದ್ದರು. ಎಡಗಣ್ಣು ಮೊದಲೇ ಮಂದ. ಈಗ ಬಲಗಣ್ಣಿಗೂ ಬಸ್ಸಿನ ಬೋರ್ಡು ಕಾಣುತ್ತಿರಲಿಲ್ಲ. ಪತ್ರಿಕೆಯನ್ನು ನಾಗರತ್ನಮ್ಮನೇ ಓದಿ ಹೇಳಬೇಕಿತ್ತು.

ಹಳೆಯ ಶೀಟು ಯಾವುದೋ ಸೇರಿಕೊಂಡಿರಬೇಕು, ನಿನ್ನ ಅಡುಗೆಮನೆಯಲ್ಲಿ ಯಾವುದು ಎಲ್ಲಿರುತ್ತದೆಂದು ಯಾರಿಗೆ ಗೊತ್ತು ಎಂದು ಅವರು ರೇಗಿದರು. ನಾಗರತ್ನಮ್ಮ ಡಬ್ಬಿಯನ್ನು ಅವರ ಮುಂದೆ ಬೋರಲು ಹಾಕಿದರು.

“ಅಂಗಾದ್ರೆ ನೀವೇ ಎಣಿಸ್ರಿ. ನಾನು ಜಾಸ್ತಿ ಓದ್ದೋಳಲ್ಲ, ನೀವು ಲೆಕ್ಕದಲ್ಲಿ ಭಾರಿ ಹುಷಾರು.”

ಮರುಳಸಿದ್ದಯ್ಯನವರು ಹೆಬ್ಬೆರಳಿನಿಂದ ಒಂದೊಂದು ಗುಳಿಯನ್ನೂ ಮುಟ್ಟಿ, ಹಿಂದೆ ಟಿಕೆಟ್ ಕಟ್ಟು ಎಣಿಸುತ್ತಿದ್ದ ಹಾಗೆ ಎಣಿಸಿದರು. ಎಪ್ಪತ್ತೇಳು. ಶೀಟುಗಳ ಹಿಂಬದಿಯಲ್ಲಿದ್ದ ತಾರೀಖುಗಳನ್ನು ನಾಗರತ್ನಮ್ಮ ಓದಿ ಹೇಳಿದರು. ಎಲ್ಲವೂ ಒಂದೇ ಕಂತಿನವು. ಎರಡನೆಯ ಸಲ ಎಣಿಸಿದರು. ಎಪ್ಪತ್ತೇಳು.

ಮೂವತ್ತೇಳು ಹೆಚ್ಚು. ಅಲ್ಲೊಂದು ಇಲ್ಲೊಂದು ಮರೆತಿದ್ದರೆ ಐದೋ ಆರೋ ಉಳಿಯುತ್ತಿತ್ತು. ಇಷ್ಟು ದೊಡ್ಡ ವ್ಯತ್ಯಾಸ ಚಿಲ್ಲರೆಯ ತಪ್ಪಲ್ಲ, ಎಲ್ಲೋ ಒಂದು ಟ್ರಿಪ್ಪೇ ಬಿಟ್ಟುಹೋಗಿದೆ ಎಂದು ಅವರ ಕಂಡಕ್ಟರ್ ಬುದ್ಧಿ ಹೇಳಿತು. ಬೆಳಗಿನ ಮಾತ್ರೆ ತಪ್ಪುವಂತಿರಲಿಲ್ಲ. ಅದನ್ನು ನಾಗರತ್ನಮ್ಮ ತಿಂಡಿಯ ತಟ್ಟೆಯ ಪಕ್ಕದಲ್ಲೇ ಇಡುತ್ತಿದ್ದರು. ಸಂಜೆಯದು ಅವರದೇ ಜವಾಬ್ದಾರಿ. ಹಾಗಾದರೆ ಮೂವತ್ತೇಳು ಸಂಜೆ. ಗೋಡೆಯ ಕ್ಯಾಲೆಂಡರನ್ನು ಕಣ್ಣಿಗೆ ಹತ್ತಿರ ಹಿಡಿದು, ಮಾರ್ಚ್ ಹತ್ತರಿಂದ ಹಿಂದಕ್ಕೆ ಎಣಿಸುತ್ತ ಹೋದರು. ಬೆರಳು ಫೆಬ್ರವರಿ ಮೂರರ ಮೇಲೆ ನಿಂತಿತು.

ಅದರ ಹಿಂದಿನ ದಿನದ ಚೌಕದಲ್ಲಿ ನಾಗರತ್ನಮ್ಮನ ಗುರುತಿತ್ತು: ವೃಷಭೇಂದ್ರಪ್ಪನ ಗೃಹಪ್ರವೇಶ.

ಡಿಪೋದ ಹಳೆಯ ಜೊತೆಗಾರನ ಆ ಹೊಸ ಮನೆಯಲ್ಲಿ ನಡೆದ ಊಟದ ಪಂಕ್ತಿ ಅವರಿಗೆ ಚೆನ್ನಾಗಿ ನೆನಪಿತ್ತು. ಪಕ್ಕದ ಎಲೆಯಲ್ಲಿ ಡ್ರೈವರ್ ಕದರಪ್ಪ, ಪಾವಗಡದ ಕಡೆಯವನು, ಹದಿನಾರು ವರ್ಷ ಇವರ ಜೊತೆ ಒಂದೇ ಬಸ್ಸಿನಲ್ಲಿದ್ದವನು. ಮಾತಿಗೆ ಮಾತು ಬೆಳೆದು ಇವರು ಹತ್ತು ಜನರ ಮುಂದೆ, “ನಿನ್ ಬಸ್ಸು ಹೊತ್ತಿಗೆ ಸರಿಯಾಗಿ ಬರ್ತಿದ್ದಿದ್ದು ನಾನು ಊದ್ತಿದ್ದ ಸೀಟಿಯಿಂದ ಕಣ್ಲಾ, ನಿನ್ ಸ್ಟೇರಿಂಗಿಂದಲ್ಲ,” ಅಂದುಬಿಟ್ಟಿದ್ದರು. ಪಂಕ್ತಿ ನಕ್ಕಿತು. ಕದರಪ್ಪ ಮಜ್ಜಿಗೆಗೂ ಕಾಯದೆ ಎದ್ದಿದ್ದ.

ಇವರು ನಿವೃತ್ತರಾದ ಮೇಲೂ ಕದರಪ್ಪ ಸಂಜೆ ಏಳೂವರೆಗೆ ಪಾವಗಡದ ಬಸ್ಸನ್ನು ಈ ಮನೆಯ ಮುಂದಿನಿಂದಲೇ ತರುತ್ತಿದ್ದ. ತಂದಾಗ ಎರಡು ಗಿಡ್ಡ, ಒಂದು ಉದ್ದ ಹಾರನ್ ಹೊಡೆಯುತ್ತಿದ್ದ. ಜಗಲಿಯಲ್ಲಿದ್ದ ಮರುಳಸಿದ್ದಯ್ಯನವರು ಕೈಯೆತ್ತಿ, ಒಳಗೆ ಬಂದು, ಕಾಲು ತೊಳೆದು, ಮುದ್ದೆ ಉಂಡು, ಮಾತ್ರೆ ನುಂಗಿ, ಒಂಬತ್ತಕ್ಕೆ ಮಲಗುತ್ತಿದ್ದರು. ಗೃಹಪ್ರವೇಶದ ಮರುದಿನದಿಂದ ಹಾರನ್ ಬರಲಿಲ್ಲ. ಅವನಿಗೆ ಅಷ್ಟು ಬಿಗುಮಾನವಿದ್ದರೆ ತನಗೇನು ಕಡಿಮೆ ಎಂದುಕೊಂಡು ಇವರೂ ಕೇಳಲಿಲ್ಲ. ಆದರೆ ಕಿವಿ ಮಾತ್ರ ರಸ್ತೆಯಲ್ಲೇ ಇರುತ್ತಿತ್ತು. ಜಗಲಿಯಿಂದ ಏಳುವುದು ಒಮ್ಮೆ ಎಂಟಕ್ಕೆ, ಒಮ್ಮೆ ಹತ್ತಕ್ಕೆ. ಮುಚ್ಚಿಟ್ಟ ಮುದ್ದೆ ಆರಿರುತ್ತಿತ್ತು, ನಾಗರತ್ನಮ್ಮ ಒಬ್ಬರೇ ಉಂಡು ಮಲಗಿರುತ್ತಿದ್ದರು. ನಿದ್ದೆ ಕೆಟ್ಟಿತು, ಬೆಳಗಿನ ನಡಿಗೆ ನಿಂತಿತು. ಮಾತ್ರೆ ನುಂಗುತ್ತಿದ್ದೇನೆ ಎಂದೇ ಅವರು ನಂಬಿದ್ದರು.

“ಅವತ್ತಿಂದಲೇ ಅಲ್ವೇನ್ರೀ ಹಾರನ್ ನಿಂತಿದ್ದು?” ಎಂದರು ನಾಗರತ್ನಮ್ಮ. “ನಿಮಗೆ ಮಾತ್ರೆ ನುಂಗಿಸ್ತಿದ್ದೋನು ಕದರಪ್ಪ ಕಣ್ರೀ. ನೀವಲ್ಲ,” ಎಂದರು.

ಲೆಕ್ಕ ತಾಳೆಯಾಗಿತ್ತು.

ಮಂಗಳವಾರ ಅವರು ಬಸ್ ನಿಲ್ದಾಣಕ್ಕೆ ಹೋಗಿ ಕದರಪ್ಪನನ್ನು ವಿಚಾರಿಸಿದರು. ಅವನು ಶಿರಾ ಬಸ್ಸಿನ ಸ್ಟೇರಿಂಗಿನ ಮುಂದೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ. ಇವರನ್ನು ಕಂಡು ಸಿಪ್ಪೆ ಕೊಡವಿದ.

“ಏಮಯ್ಯಾ ಕಂಡಕ್ಟರೂ, ದಾರಿ ತಪ್ಪಿ ಬಂದ್ಯಾ?”

ಹಾರನ್ ಯಾಕೆ ನಿಲ್ಲಿಸಿದೆ ಎಂದು ಇವರು ನೇರವಾಗಿ ಕೇಳಿದರು. ಕದರಪ್ಪ ಕಡಲೆಕಾಯಿಯ ಪೊಟ್ಟಣ ಪಕ್ಕಕ್ಕಿಟ್ಟ.

“ಆ ಗೃಹಪ್ರವೇಶದ ಮಾರ್ನೇ ದಿನದಿಂದ ನನ್ನ ಶಿರಾ ರೂಟಿಗೆ ಹಾಕ್ಬುಟ್ರಯ್ಯ. ನೊಂದ್ಕಂಡಿದ್ದೆ, ಇಲ್ಲ ಅನ್ನಲ್ಲ. ಅದಕ್ಕೆ ಹಾರನ್ ಬುಡ್ತೀನಾ? ನೀನೇ ಕೇಳ್ತೀಯ ಅಂತ ಕಾದೆ.”

ಬಸ್ಸು ಹೊರಡುವ ಹೊತ್ತಾಗಿತ್ತು. ಮರುಳಸಿದ್ದಯ್ಯನವರು ಕಿಟಕಿಯ ಸರಳು ಹಿಡಿದುಕೊಂಡು, “ಬಸ್ಸು ಹೊತ್ತಿಗೆ ಬರ್ತಿದ್ದಿದ್ದು ಇಬ್ಬರಿಂದಾನೂ ಕಣಯ್ಯ,” ಎಂದರು. ಕದರಪ್ಪ ಒಂದು ಹಿಡಿ ಕಡಲೆಕಾಯಿಯನ್ನು ಅವರ ಅಂಗಿಯ ಜೇಬಿಗೆ ಸುರಿದು ಗೇರು ಹಾಕಿದ.

ಬುಧವಾರ ಅವರು ಡಾಕ್ಟರಿಗೆ ನಿಜ ಹೇಳಿದರು. ಜೀವಮಾನದಲ್ಲಿ ಅವರು ಒಪ್ಪಿಸಿದ ಮೊದಲ ತಪ್ಪು ಲೆಕ್ಕ ಅದು. ವನಜಾ ಅವರು ಇಂಜೆಕ್ಷನ್ ಚೀಟಿಯನ್ನು ಹಿಂದಕ್ಕೆ ಪಡೆದು, ಏಪ್ರಿಲ್ ಎಂಟಕ್ಕೆ ಮತ್ತೆ ರಕ್ತ ನೋಡೋಣ ಎಂದರು. ಬಿಟ್ಟದ್ದನ್ನು ತುಂಬಿಸಲು ಒಂದಕ್ಕೆ ಎರಡು ನುಂಗಬಾರದೆಂದು ಕಟ್ಟಪ್ಪಣೆ ಮಾಡಿದರು.

ಅಂದು ಮಧ್ಯಾಹ್ನ ಅವರು ನೋಟ್‌ಬುಕ್ಕಿನಲ್ಲಿ ದಪ್ಪ ಪೆನ್ನಿನಿಂದ ಗೆರೆ ಎಳೆದರು. ಕಂಡಕ್ಟರುಗಳು ದಿನದ ಟ್ರಿಪ್ಪು, ಟಿಕೆಟ್ಟು ಬರೆಯುವ ವೇಬಿಲ್ ಇರುತ್ತದಲ್ಲ, ಅದೇ ನಮೂನೆ. ಆರಕ್ಕೆ ಕೋಟೆ ಬೆಟ್ಟದ ಬುಡದವರೆಗೆ ನಡಿಗೆ, ಎಂಟಕ್ಕೆ ತಿಂಡಿ ಮತ್ತು ಮಾತ್ರೆ, ಏಳೂವರೆಗೆ ಊಟ ಮತ್ತು ಮಾತ್ರೆ, ಒಂಬತ್ತಕ್ಕೆ ದೀಪ ಆರಿಸುವುದು. ಕೊನೆಯ ಅಂಕಣದಲ್ಲಿ ಡಬ್ಬಿಯಲ್ಲಿ ಉಳಿದ ಮಾತ್ರೆಯ ಸಂಖ್ಯೆ. ಹಾರನ್ನಿನ ಬದಲು ಗೋಡೆ ಗಡಿಯಾರ. ನಾಗರತ್ನಮ್ಮ ಚೆಕಿಂಗ್ ಇನ್‌ಸ್ಪೆಕ್ಟರು. ಯಾವ ರಾತ್ರಿ ಬೇಕಾದರೂ ಡಬ್ಬಿ ಎಣಿಸುವ ಅಧಿಕಾರ ಅವರದು. ಮೊದಲ ವಾರ ನಾಲ್ಕು ಸಲ ಎಣಿಸಿದರು. ಆಮೇಲೆ ಎಣಿಸುವುದನ್ನು ಬಿಟ್ಟು, ಏಳೂವರೆಗೆ ತಾವೂ ಜೊತೆಗೇ ಊಟಕ್ಕೆ ಕೂರತೊಡಗಿದರು. ಮುದ್ದೆ ಬಿಸಿಯಾಗಿರುತ್ತಿತ್ತು.

ಏಪ್ರಿಲ್ ಎಂಟು, ಯುಗಾದಿಯ ಹಿಂದಿನ ದಿನ. ಸಕ್ಕರೆ ನೂರ ಮೂವತ್ತೆಂಟು. ಹದಿನೈದರ ಆಪರೇಷನ್ನಿಗೆ ಡಾಕ್ಟರು ಒಪ್ಪಿ ಸಹಿ ಹಾಕಿದರು.

ಮನೆಗೆ ಬಂದು ಮರುಳಸಿದ್ದಯ್ಯನವರು ನೋಟ್‌ಬುಕ್ ತೆರೆದರು. ಕದರಪ್ಪನ ಬಾಕಿ ತೀರಿತ್ತು. ಉಳಿದಿದ್ದ ಬಾಬ್ತು ಒಂದು. ಹಾಳೆಯ ಕೆಳಗೆ, ಕೊರತೆ ಬರೆಯುವ ಜಾಗದಲ್ಲಿ, ತಡಕಾಡಿ ದೊಡ್ಡ ಅಕ್ಷರದಲ್ಲಿ ಬರೆದರು: ‘ಬಾಕಿ – ಮೂವತ್ತೇಳು ಸಂಜೆ. ನಾಗರತ್ನಳಿಗೆ.’

ನಾಗರತ್ನಮ್ಮ ಓದಿದರು. ಇದನ್ನು ಹೆಂಗೆ ಕಟ್ಟುತ್ತೀರಿ ಎಂದು ಕೇಳಿದರು. ಕಟ್ಟಲು ಬರುವುದಿಲ್ಲ ಎಂದರು ಅವರು. ನಾಗರತ್ನಮ್ಮ ಪೆನ್ನು ಇಸಿದುಕೊಂಡು, ಇನ್‌ಸ್ಪೆಕ್ಟರರ ಸಹಿಯ ಜಾಗದಲ್ಲಿ ಹೆಸರು ಬರೆದು, ಬಾಕಿಯನ್ನು ಹಾಗೆಯೇ ಬಿಟ್ಟರು.