ಎಂಜಿನ್ನಿನ ಮೇಲಿನ ಹೆಸರು

ನಮ್ಮ ಷೆಡ್ಡಿನಲ್ಲಿರುವ ಎರಡು ಸೀಟಿನ ವಿಮಾನ ಕಟ್ಟಿದ್ದು ನಮ್ಮ ಯಜಮಾನರು ಎಂದೇ ಎಲ್ಲರ ಮಾತು. ರೆಕ್ಕೆ, ಬಾಲ ಅವರದೇ, ಒಪ್ಪಿದೆ. ಎಂಜಿನ್ ಮಾತ್ರ ನನ್ನದು. ಹೊಲಿಗೆಯಂತ್ರ ರಿಪೇರಿ ಮಾಡಿ ಸಂಸಾರ ತೂಗಿಸಿದವಳು ನಾನು. ಗುಜರಿಯ ಎರಡು ಎಂಜಿನ್ ಬಿಚ್ಚಿ ಒಂದಾಗಿ ಜೋಡಿಸುವಾಗ ಅವರಿಗೆ ಕೊಟ್ಟಿದ್ದ ಕೆಲಸ ಟಾರ್ಚ್ ಹಿಡಿಯುವುದು. ಅದನ್ನೂ ನೆಟ್ಟಗೆ ಹಿಡಿಯುತ್ತಿರಲಿಲ್ಲ, ಬಾಯಿ ಜಾಸ್ತಿ.

ಅವರು ತೀರಿಹೋದ ಮೇಲೆ ಷೆಡ್ಡಿನಲ್ಲಿ ಮಾತೇ ಇಲ್ಲ. ನಾನೇ ರೇಡಿಯೋ ಹಾಕುತ್ತೇನೆ, ನಾನೇ ಅದಕ್ಕೆ ಬೈಯುತ್ತೇನೆ.

ವಿಮಾನ ಹಾರಿಸಲು ಮೈದುನ ಸಿದ್ಧನಿದ್ದ. ಆದರೆ ಪರವಾನಗಿ ಸಿಗಬೇಕಾದರೆ ಎಂಜಿನ್ನಿಗೊಂದು ಗುರುತಿನ ಫಲಕ ಬೇಕು. ಬೆಂಕಿಗೆ ಜಗ್ಗದ ಲೋಹದ ಮೇಲೆ ಕಟ್ಟಿದವರ ಹೆಸರು, ಮಾದರಿ, ಸಂಖ್ಯೆ ಕೊರೆದಿರಬೇಕು. ಬಣ್ಣದಲ್ಲಿ ಬರೆದರೆ ನಡೆಯದು. ಸ್ಟೀಲ್ ತಗಡಿನ ಮೇಲೆ ಅಕ್ಷರದ ಪಂಚ್ ಇಟ್ಟು ಬಡಿದು ನಮ್ಮವರ ಹೆಸರನ್ನೇ ಮೂಡಿಸಿದೆ. ಎಂಜಿನ್ ಇರುವಷ್ಟು ದಿನ ಅವರ ಹೆಸರೂ ಜೊತೆಗಿರಲಿ ಎಂಬ ಆಸೆ.

ತಪಾಸಣೆಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ಬೋಲ್ಟುಗಳು ಸಡಿಲವಾಗದಂತೆ ಬಿಗಿದಿದ್ದ ತಂತಿ ನೋಡಿ, ಯಜಮಾನರ ಕೈಕೆಲಸ ಬಹಳ ಅಚ್ಚುಕಟ್ಟು ಎಂದರು. ನನಗೆ ತಡೆಯಲಾಗಲಿಲ್ಲ.

“ಅವರಿಗೆ ಸೂಜಿಗೆ ದಾರ ಪೋಣಿಸೋಕೂ ಬರ್ತಿರ್ಲಿಲ್ಲ ಸಾರ್. ಅದು ನಾನು ಸುತ್ತಿದ್ದು.”

ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಆಡಿಯಾಗಿತ್ತು. ಎಂಜಿನ್ ಪೂರ್ತಿ ನೀವೇ ಜೋಡಿಸಿದಿರಾ ಎಂದು ಕೇಳಿದರು. ಸುಳ್ಳು ಬಾಯಿಗೆ ಬರಲಿಲ್ಲ.

“ಹಾಗಾದ್ರೆ ಈ ಹೆಸರು ಇರೋ ಹಾಗಿಲ್ಲಮ್ಮ. ಯಾರು ಕಟ್ಟಿದ್ರೋ ಅವರದ್ದೇ ಬರಬೇಕು.”

ಗಂಡ ಹೆಂಡತಿಯಲ್ಲಿ ನಿನ್ನದು ನನ್ನದು ಏನು ಎಂದು ಗೋಗರೆದೆ. ಜಗ್ಗಲಿಲ್ಲ. ನನ್ನ ಗುರುತಿನ ಚೀಟಿ ನೋಡಿ ಕಾಗದದಲ್ಲಿ ಹೆಸರು ತಿದ್ದಿಕೊಂಡು, ರೆಕ್ಕೆ ಬಾಲ ನೋಡಿ ಮುಗಿಸುವಷ್ಟರಲ್ಲಿ ಫಲಕ ಬದಲಾಯಿಸಿ, ಇಲ್ಲದಿದ್ದರೆ ಇದು ನೆಲ ಬಿಡುವಂತಿಲ್ಲ ಎಂದರು.

ಫಲಕ ಹಿಡಿದಿದ್ದ ರಿವೆಟ್ ಕೊರೆದು ನಮ್ಮವರ ಹೆಸರು ಕಿತ್ತೆ. ಹೊಸ ತಗಡಿನ ಮೇಲೆ ನನ್ನ ಹೆಸರು ಬಡಿಯತೊಡಗಿದೆ. ಯಾರದೋ ಹೆಸರು ಬಡಿಯುತ್ತಿದ್ದೇನೆ ಅನ್ನಿಸಿತು. ಮೈದುನನಿಗೆ ನಾನು ಅತ್ತಿಗೆ, ಗಿರಾಕಿಗಳಿಗೆ ಮೆಷಿನ್ ಆಂಟಿ, ಅಕ್ಕಪಕ್ಕದವರಿಗೆ ಇಂಥವರ ಹೆಂಡತಿ. ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮವರೊಬ್ಬರೇ.

ಹೊಸ ಫಲಕ ಕೂರಿಸಿದ ಮೇಲೆ ಅಧಿಕಾರಿ ಬಗ್ಗಿ, ಕಾಗದದೊಂದಿಗೆ ತಾಳೆ ನೋಡಲು ಗಟ್ಟಿಯಾಗಿ ಓದಿದರು. ಷೆಡ್ಡಿನಲ್ಲಿ ಗಂಡಸಿನ ದನಿಯಲ್ಲಿ ನನ್ನ ಹೆಸರು. ನಮ್ಮವರ ದನಿಯಲ್ಲ, ಗೊತ್ತು. ಆದರೂ ಕೈಯಲ್ಲಿದ್ದ ಸುತ್ತಿಗೆ ಕೆಳಗಿಡಬೇಕಾಯಿತು.

“ಇನ್ನೊಂದ್ಸಲ ಓದಿ ಸಾರ್,” ಎಂದೆ.

ಅಕ್ಷರವೇನಾದರೂ ತಪ್ಪಿದೆಯೇನೋ ಎಂದುಕೊಂಡು, ಪಾಪ, ಅವರು ಕನ್ನಡಕ ಸರಿಮಾಡಿಕೊಂಡು ಈ ಸಲ ಇನ್ನೂ ನಿಧಾನವಾಗಿ ಓದಿದರು.