ಬುಡದಿಂದ ಬುಡಕ್ಕೆ ಅಳೆದ ಹಡಗು

ಮಾಯಸಂದ್ರದಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟದ ಮುಂದೆ ಸೊಂಡಿಲಿನಿಂದ ನೀರು ಬಿಡುವ ಸಿಮೆಂಟಿನ ಆನೆ ಕಂಡರೆ ಅದು ನಮ್ಮದು. ಜೀವಿತಾ ಫನ್ ಲ್ಯಾಂಡ್. ಮಗಳು ಹುಟ್ಟಿದ ವರ್ಷ ಶುರು ಮಾಡಿದ್ದರಿಂದ ಅವಳ ಹೆಸರನ್ನೇ ಇಟ್ಟೆವು. ಆಗ ಅವಳಿಗೆ ಮಾತು ಬರುತ್ತಿರಲಿಲ್ಲವಾದ್ದರಿಂದ ಆಕ್ಷೇಪಣೆಯೂ ಬರಲಿಲ್ಲ. ಈಗ ತಿಪಟೂರಿನಲ್ಲಿ ಡಿಗ್ರಿ ಓದುತ್ತಾಳೆ. ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ‘ಜೀವಿತಾ ತುಂಬಾ ಹಳೆಯದಾಗಿದೆ, ಅಲ್ಲಲ್ಲಿ ತುಕ್ಕು ಹಿಡಿದಿದೆ, ಒಂದು ಸಲ ನೋಡಬಹುದು’ ಎಂದು ಬರೆದ ಮೇಲೆ ಅವಳು ನಮ್ಮೊಂದಿಗೆ ಮಾತು ಬಿಟ್ಟಿದ್ದಳು.

ನಾನು ಮೀನಾಕ್ಷಮ್ಮ, ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಚಿಲ್ಲರೆ ಇಲ್ಲದೆ ಬಂದವರು ನನ್ನನ್ನು ಸಿಡುಕಿ ಎನ್ನುತ್ತಾರೆ. ಚಿಲ್ಲರೆ ತಂದವರೂ ಹಾಗೇ ಎನ್ನುತ್ತಾರೆ. ನನ್ನ ಯಜಮಾನರು ತೋಂಟದಾರ್ಯ ಒಳಗಿನ ಆಟಗಳನ್ನು ನೋಡಿಕೊಳ್ಳುತ್ತಾರೆ. ಮರಗಳ ಸುತ್ತ ಓಡುವ ಪುಟ್ಟ ರೈಲು, ನೀರಿನ ಜಾರುಬಂಡೆ, ಸಣ್ಣಗಿರುವವರನ್ನು ಗುಡಾಣದಂತೆ ತೋರಿಸುವ ಕನ್ನಡಿ ಮನೆ, ಮೊದಲ ಸುತ್ತಿಗೆ ಮಾತ್ರ ಕೈಯಿಂದ ತಳ್ಳಬೇಕಾದ ಜೈಂಟ್ ವ್ಹೀಲ್. ಬಂದ ಮಕ್ಕಳು ಕಿರುಚುತ್ತವೆ, ಐಸ್ ಕ್ರೀಮ್ ಚೆಲ್ಲಿಕೊಳ್ಳುತ್ತವೆ, ಮನೆಗೆ ಬರುವುದಿಲ್ಲ ಎಂದು ನೆಲಕ್ಕೆ ಬಿದ್ದು ಹೊರಳಾಡುತ್ತವೆ. ಇದಕ್ಕಿಂತ ಇನ್ನೇನು ಬೇಕು ಎನ್ನುವುದು ನನ್ನ ವಾದ.

ಹಂದನಕೆರೆ ಕಡೆಯ ಹೆಡ್‌ಮಾಸ್ಟರ್ ರೇವಣಸಿದ್ದಯ್ಯನವರ ವಾದ ಬೇರೆಯಿತ್ತು. ಪ್ರತಿ ಡಿಸೆಂಬರಿನಲ್ಲೂ ಅವರ ಸ್ಕೂಲಿನ ಟ್ರಿಪ್ಪು ನಮ್ಮಲ್ಲಿಗೇ ಬರುತ್ತಿತ್ತು. ಅವರನ್ನು ನೋಡಿಕೊಂಡು ಸುತ್ತಲಿನ ಇತರ ಸ್ಕೂಲಿನವರೂ ಬರುತ್ತಿದ್ದರು. ಈ ಸಲ ಅವರು ಕೌಂಟರಿನ ಕಿಂಡಿಯಲ್ಲಿ ಮೂಗು ತೂರಿಸಿ, “ಹೊಸದೇನೈತಮ್ಮಾ?” ಎಂದು ಕೇಳಿದರು.

“ಆನೆಗೆ ಬಣ್ಣ ಹೊಡೆಸಿದೀವಿ ಮೇಷ್ಟ್ರೇ.”

“ಆನೇನ ಮಕ್ಕಳೂ ನೋಡವ್ರೆ, ಮಕ್ಕಳ ತಾಯಂದಿರೂ ನೋಡವ್ರೆ. ಏನಾದ್ರೂ ಹೊಸದು ಬಂದ್ರೆ ಫೋನ್ ಮಾಡಿ. ಇಲ್ಲಾಂದ್ರೆ ಈ ಸಲ ಮೈಸೂರು ಕಡೆಗೆ ಹೋಯ್ತೀವಿ.”

ಈ ಸುದ್ದಿ ನನ್ನ ಅಣ್ಣ ಬಸವರಾಜಪ್ಪನ ಕಿವಿಗೆ ಅದು ಹೇಗೆ ಬಿತ್ತೋ ಗೊತ್ತಿಲ್ಲ. ಅವನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಪಾರ್ಕಿನ ಜಾಗ ನಮ್ಮಪ್ಪ ನನಗೂ ಅವನಿಗೂ ಜಂಟಿಯಾಗಿ ಬಿಟ್ಟುಹೋದ ತೋಟ. ಹಾಗಾಗಿ ಅವನು ಬಂದಾಗಲೆಲ್ಲ ಬುರುಡೆ ಕೆರೆದುಕೊಳ್ಳುತ್ತಾ ಜಾಗವನ್ನೇ ನೋಡುತ್ತಾನೆ.

“ಈ ವರ್ಷ ಸ್ಕೂಲಿನವರು ಬರಲಿಲ್ಲಾಂದ್ರೆ ಮುಚ್ಚಿಬುಡು ಮೀನಾಕ್ಷಿ. ಕಲ್ಯಾಣ ಮಂಟಪ ಕಟ್ಟೋಣ. ಆಡಾಕೆ ಬರೋರು ವರ್ಷಕ್ಕೊಂದ್ಸಲ ಬತ್ತಾರೆ. ಮದುವೆ ಆಗೋರು ವರ್ಷಪೂರ್ತಿ ಆಯ್ತಾನೇ ಇರ್ತಾರೆ.”

“ಒಬ್ಬರೇನಾ?” ಎಂದೆ.

ನಗಾಡಿದೆನೇ ಹೊರತು ಒಳಗೊಳಗೇ ಹೆದರಿದ್ದೆ. ಪಾರ್ಕಿಗೆ ದಿನಾ ನಾನೇ ನೂರು ಶಾಪ ಹಾಕುತ್ತೇನೆ, ನಿಜ. ಆದರೆ ಬೆಳಗ್ಗೆ ಗೇಟು ತೆಗೆದಾಗ ಮೊದಲ ಮಗು ಕೈ ಬಿಡಿಸಿಕೊಂಡು ಒಳಗೆ ಓಡುವುದನ್ನು ನೋಡದೆ ನಾನು ಹೇಗೆ ಇರುವುದು? ಕಂಡವರ ಮದುವೆಯಲ್ಲಿ ಪಾತ್ರೆ ತೊಳೆಯುವ ಶಬ್ದ ಕೇಳಿಕೊಂಡು ಮುದುಕಿಯಾಗಬೇಕೆ?

“ಹೊಸದು ತರಲೇಬೇಕು ಕಣೇ. ಜನಕ್ಕೆ ಹೊಸದು ಬೇಕು” ಎಂದರು ಯಜಮಾನರು.

“ಹೋಳಿಗೆಗೆ ವರ್ಷಾ ವರ್ಷ ಹೊಸ ಹೂರಣ ಹುಡುಕ್ತೀರೇನ್ರೀ? ಅದೇ ಬೇಳೆ, ಅದೇ ಬೆಲ್ಲ. ಆದ್ರೂ ಇನ್ನೊಂದು ಹಾಕು ಅಂತೀರಿ.”

“ಹೋಳಿಗೆ ತಿನ್ನಾಕೆ ಯಾರೂ ಬಸ್ ಮಾಡ್ಕಂಡು ಬರಲ್ಲ.”

ಆ ಸಿಟ್ಟಿಗೆ ರಾತ್ರಿ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ.

ವಾರ ಕಳೆಯುವುದರೊಳಗೆ ಒಂದು ಲಾರಿ ಬಂತು. ಅದರ ಮೇಲೆ ಕೊಲಂಬಸ್ ಹಡಗು. ಎಕ್ಸಿಬಿಷನ್‌ಗಳಲ್ಲಿ ಇರುತ್ತದಲ್ಲ, ಜನ ಎದುರುಬದುರು ಕೂತು, ಈ ತುದಿಯಿಂದ ಒಮ್ಮೆ ಆ ತುದಿಯಿಂದ ಒಮ್ಮೆ ಆಕಾಶಕ್ಕೆ ತೂಗಿ, ಪ್ರಾಣ ಬಾಯಿಗೆ ತಂದುಕೊಳ್ಳುವ ಹಡಗು, ಅದೇ. ಯಾರೋ ಹಳೆಯದು ಮಾರುತ್ತಿದ್ದುದನ್ನು ಯಜಮಾನರು ಕೊಂಡು ತಂದಿದ್ದರು. ಮೂತಿಯಲ್ಲಿ ಹಲ್ಲು ಕಿರಿದ ಒಂದು ಪ್ರಾಣಿಯಿತ್ತು. ಸಿಂಹವೋ ಮೊಸಳೆಯೋ, ಬಣ್ಣವೆಲ್ಲ ಹೋಗಿ ನನ್ನ ದೊಡ್ಡತ್ತೆಯಂತೆ ಕಾಣುತ್ತಿತ್ತು.

ಹಡಗು ಎಲ್ಲಿ ನಿಲ್ಲಿಸುವುದು ಎಂದು ಯಜಮಾನರು ಎರಡು ದಿನ ತೋಟದಲ್ಲಿ ಕೈ ಚಾಚಿಕೊಂಡು ಮಾರು ಹಾಕಿದರು. ನಮ್ಮ ಸೀಮೆಯಲ್ಲಿ ಅಳತೆ ಎಂದರೆ ಸಸಿ ನೆಡುವ ಅಳತೆ, ಮರದ ಬುಡದಿಂದ ಇನ್ನೊಂದು ಮರದ ಬುಡಕ್ಕೆ. ಹಡಗನ್ನು ಲಾರಿಯ ಮೇಲಿದ್ದಾಗಲೇ ಅಳೆದಿದ್ದರು. ಜೈಂಟ್ ವ್ಹೀಲಿನ ಹಿಂದೆ ಎರಡು ಮರಗಳ ನಡುವೆ ಸರಿಯಾಗಿ ಕೂರುತ್ತದೆ, ಅತ್ತ ಇತ್ತ ಒಂದೊಂದು ಮೊಳ ಉಳಿಯುತ್ತದೆ ಎಂದು ಬೀಗಿದರು. ತುರುವೇಕೆರೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ದಯಾನಂದ ಬಂದು ಕಂಬ ನೆಟ್ಟು, ಮೋಟಾರು ಕೂರಿಸಿದ. ಹಡಗು ನಿಂತಿತು. ನಿಂತಿರುವ ಹಡಗಿಗೆ ಜಾಗ ಬಲು ಸೊಗಸಾಗಿತ್ತು.

ಯಜಮಾನರು ಆ ಖುಷಿಯಲ್ಲೇ ಹೆಡ್‌ಮಾಸ್ಟರಿಗೆ ಫೋನು ಮಾಡಿ, “ಕೊಲಂಬಸ್ ಬಂದೈತೆ ಮೇಷ್ಟ್ರೇ” ಎಂದುಬಿಟ್ಟರು. ಅವರು ಶನಿವಾರ ಬರುತ್ತೇವೆ ಎಂದರು.

ಗುರುವಾರ ಪರೀಕ್ಷೆ ನಡೆಯಿತು. ಜನರ ಬದಲು ಸೀಟುಗಳ ಮೇಲೆ ಕಾಯಿ ತುಂಬಿದ ಚೀಲಗಳನ್ನು ಕೂರಿಸಿ ಹಗ್ಗ ಕಟ್ಟಿದರು. ದಯಾನಂದ ಸ್ವಿಚ್ ಒತ್ತಿದ. ಹಡಗು ಅತ್ತ ಹೋಯಿತು, ಇತ್ತ ಬಂತು, ಮತ್ತೆ ಅತ್ತ ಹೋಗಿ ಮರಕ್ಕೆ ದಢಾರನೆ ಗುದ್ದಿತು. ಮರ ಸುಮ್ಮನಿರುತ್ತದೆಯೇ? ಒಂದು ಗೊನೆ ಕಾಯಿ ಪೂರ್ತಿ ಹಡಗಿನೊಳಗೆ ಸುರಿಯಿತು. ಹತ್ತಿದ ಪ್ರಯಾಣಿಕರಿಗಿಂತ ಇಳಿದ ಪ್ರಯಾಣಿಕರೇ ಹೆಚ್ಚಾದರು.

“ನಿಂತಾಗ ಸರಿಗಿತ್ತಲ್ಲಾ...” ಎಂದರು ಯಜಮಾನರು.

“ಹಡಗು ತೂಗ್ತದೆ ಅನ್ನೋದು ತಮಗೆ ಗೊತ್ತಿರಲಿಲ್ವಾ?” ಎಂದೆ.

“ಎರಡು ಮರ ತೆಗೆಸಿಬುಡಿ ಸಾರ್, ಆಮೇಲೆ ನೋಡಿ ಹೆಂಗೆ ಹಾರ್ತದೆ!” ಎಂದ ದಯಾನಂದ. ಅವನಿಗೆ ತೋಟವಿಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಹೇಳಿದ.

ಕಾಯಿ ಕೀಳುವ ಕೆಂಪಯ್ಯನಿಗೆ ಹೇಳಿಕಳಿಸಿದೆವು. ಅವನು ಕೊಡಲಿ ಹಿಡಿದು ಬಂದ. ಮರವನ್ನು ಒಮ್ಮೆ ತಟ್ಟಿದ, ತಲೆಯೆತ್ತಿ ನೋಡಿದ. “ಹೊಂಬಾಳೆ ಒಡೆದೈತೆ ಕಣಮ್ಮೋ. ಬಸುರಿ ಮರ. ನಾನೊಲ್ಲೆ” ಎಂದವನೇ ಕೊಡಲಿ ಇಟ್ಟು, ಬಂದದ್ದು ದಂಡವಾಗಬಾರದೆಂದು ಮರ ಹತ್ತಿ ಬಲಿತ ಕಾಯಿ ಕೆಡವಿ ಹೋದ. ಯಜಮಾನರು ತಾವೇ ಕೊಡಲಿ ಎತ್ತಿಕೊಂಡರು. ಮರದ ಮುಂದೆ ನಿಂತರು. ಕೊಡಲಿಯ ಕಾವು ಸಡಿಲವಾಗಿದೆ ಎಂದು ವಾಪಸ್ ಬಂದರು. ಕಾವು ಬಂಡೆಯಂತೆ ಗಟ್ಟಿಯಾಗಿತ್ತು.

ಅಷ್ಟೊತ್ತಿಗೆ ತಮಾಷೆ ನೋಡಲು ಅಣ್ಣನೂ ಬಂದ. “ಕಡೀರಿ, ಅದಕ್ಕೇನು!” ಎಂದ.

ನಾನು ಕೊಡಲಿಯನ್ನು ಅವನ ಕೈಗೇ ಇಟ್ಟೆ. “ಮಂಟಪ ಕಟ್ಟೋನು ನೀನು, ತೋಟ ಪೂರ್ತಿ ಕಡಿಯಬೇಕಾದೋನು. ಮೊದಲ ಏಟು ನೀನೇ ಹಾಕಣ್ಣ.”

ಅವನು ಮರ ನೋಡಿದ, ನನ್ನ ನೋಡಿದ, ಕೆಳಗೆ ಬಿದ್ದ ಕಾಯಿಯೊಂದನ್ನು ಎತ್ತಿ ಕಿವಿಯ ಹತ್ತಿರ ಕುಲುಕಿದ. “ಇವತ್ತು ಗುರುವಾರ. ಗುರುವಾರ ಮರ ಮುಟ್ಟಬಾರದು.”

“ಯಾರಂದ್ರು?”

“ಅಂತಾರೆ ಕಣಮ್ಮ. ಮಂಟಪ ಕಟ್ಟೋವಾಗ ಕಂಟ್ರಾಕ್ಟರ್ ಕಡೀತಾನೆ. ಆವತ್ತು ನಾನು ತಿಪಟೂರಲ್ಲಿರ್ತೀನಿ.” ಕೊಡಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು, “ಶನಿವಾರ ಸರ್ವೇಯರ್‌ನ ಕರ್ಕಂಬತ್ತೀನಿ. ಮೇಷ್ಟ್ರು ಮುಖ ತಿರುಗಿಸ್ಕಂಡು ಹೋದ ಮೇಲೆ ಅಳತೆ ಮಾಡಿಬುಡಾನ” ಎಂದು ಹೇಳಿ ಹೋದ.

ಇನ್ನು ಉಳಿದದ್ದು ಒಂದೇ ದಾರಿ. ದಯಾನಂದ ಮೋಟಾರಿನ ವೇಗ ತಗ್ಗಿಸಿ, ತಡೆ ಕೂರಿಸಿ, ಹಡಗು ಎರಡೂ ಕಡೆ ಮರಕ್ಕೆ ಒಂದು ಗೇಣು ಬಿಟ್ಟು ಹಿಂದೆ ಬರುವಂತೆ ಮಾಡಿದ. ಅದೀಗ ಕಿರ್ರ್... ಕಿರ್ರ್... ಎಂದು ನಿಧಾನಕ್ಕೆ ಆ ಕಡೆ, ನಿಧಾನಕ್ಕೆ ಈ ಕಡೆ. ಅದರ ಅವತಾರ ನೋಡಿ ನಾನು ಶುಕ್ರವಾರ ಊಟ ಮಾಡಲಿಲ್ಲ.

ಶನಿವಾರ ಬಸ್ಸು ಬಂತು. ಊಟ ಮುಗಿದದ್ದೇ ತಡ, ಮಕ್ಕಳು ಹೋ ಎಂದು ಹಡಗಿಗೆ ನುಗ್ಗಿದರು. ಶಿಸ್ತು ಕಾಪಾಡಲು ಹೆಡ್‌ಮಾಸ್ಟರೂ ಮೂವರು ಟೀಚರುಗಳೂ ಹತ್ತಿ, ಎರಡು ತುದಿಗೂ ಕೂತು ಕಂಬಿ ಬಿಗಿಯಾಗಿ ಹಿಡಿದುಕೊಂಡರು. ಹೆಡ್‌ಮಾಸ್ಟರು ಕಣ್ಣು ಮುಚ್ಚಿ “ಶಿವ ಶಿವಾ” ಎಂದದ್ದು ನನಗೆ ಕೇಳಿಸಿತು.

ಕಿರ್ರ್... ಕಿರ್ರ್...

“ಜೋರಾಗಿ ಅಂಕಲ್! ಇನ್ನೂ ಜೋರಾಗಿ!” ಮಕ್ಕಳು ಕೂಗಿದರು.

“ಇದೇ ಜೋರು” ಎಂದ ದಯಾನಂದ, ನೆಲ ನೋಡುತ್ತಾ.

ಮಕ್ಕಳ ಮುಖ ಬಾಡಿತು. ಒಬ್ಬಳು, “ನಮ್ಮಜ್ಜಿ ಮೊರದಲ್ಲಿ ರಾಗಿ ಕೇರೋದೇ ಇದಕ್ಕಿಂತ ಸ್ಪೀಡು” ಎಂದಳು. ಇಳಿಸಿ, ಇಳಿಸಿ ಎಂದು ಗಲಾಟೆಯಾಯಿತು. ಯಜಮಾನರು ಹಡಗು ನಿಲ್ಲಿಸಿ ಮಕ್ಕಳನ್ನು ಇಳಿಸಿದರು. ಗೇಟಿನ ಹತ್ತಿರ ಅಣ್ಣ ಸರ್ವೇಯರನ ಜೊತೆ ಕೈಕಟ್ಟಿ ನಿಂತು ಮೀಸೆಯಡಿ ನಗುತ್ತಿದ್ದ. ಮುಗಿಯಿತು ಎಂದುಕೊಂಡೆ.

ಆದರೆ ಟೀಚರುಗಳು ಇಳಿದಿರಲಿಲ್ಲ.

ಹತ್ತಿರ ಹೋಗಿ ನೋಡಿದೆ. ತೆಂಗಿನ ಗರಿಯ ನೆರಳು, ತಣ್ಣನೆ ಗಾಳಿ, ಹೊಟ್ಟೆ ತುಂಬ ಮೊಸರನ್ನ. ನಾಲ್ವರೂ ನಿದ್ದೆ ಹೋಗಿದ್ದರು. ಹೆಡ್‌ಮಾಸ್ಟರ ಬಾಯಿ ತೆರೆದಿತ್ತು, ಕನ್ನಡಕ ಗಲ್ಲಕ್ಕೆ ಜಾರಿತ್ತು. ಹಡಗು ನಿಂತದ್ದು ಗೊತ್ತಾಗಿ ಅವರು ಒಂದು ಕಣ್ಣು ತೆರೆದು, “ಯಾಕ್ರೀ ನಿಲ್ಲಿಸಿದ್ರಿ?” ಎಂದು ಗದರಿದರು.

ಯಜಮಾನರು ಹೆದರಿ ಮತ್ತೆ ಸ್ವಿಚ್ ಒತ್ತಿಸಿದರು. ಕಿರ್ರ್... ಕಿರ್ರ್...

ಮಕ್ಕಳು ಮಲಗಿದ ಮೇಷ್ಟ್ರನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಬೈಯುವವರಿಲ್ಲ, ಲೈನು ಮಾಡಿಸುವವರಿಲ್ಲ, ನೀರಿಗೆ ಇಳಿಯಬೇಡಿ ಎನ್ನುವವರಿಲ್ಲ. ಇದು ತಲೆಗೆ ಹೋಗಲು ಒಂದು ಕ್ಷಣ ಹಿಡಿಯಿತು, ಆಮೇಲೆ ಪಾರ್ಕೇ ಹಾರಿಹೋಗುವಂತೆ ಬೊಬ್ಬೆ ಎದ್ದಿತು. ಜಾರುಬಂಡೆಯಲ್ಲಿ ಬೋರಲು ಬಿದ್ದು ಜಾರಿದರು, ರೈಲಿನಲ್ಲಿ ಮತ್ತೆ ಮತ್ತೆ ಹತ್ತಿದರು, ಕನ್ನಡಿ ಮನೆಯಲ್ಲಿ ತಮ್ಮ ಹೊಟ್ಟೆ ನೋಡಿ ಬಿದ್ದು ಬಿದ್ದು ನಕ್ಕರು, ಆನೆಯ ಸೊಂಡಿಲಿಗೆ ಜೋತು ಬಿದ್ದರು. ಇಷ್ಟು ವರ್ಷ ಅವು ಅಲ್ಲೇ ಇದ್ದವು. ಆದರೆ ಮಕ್ಕಳು ಅವನ್ನು ಮೇಷ್ಟ್ರಿಲ್ಲದೆ ಒಂದು ದಿನವೂ ನೋಡಿರಲಿಲ್ಲ. ನಾನು ಕೌಂಟರ್ ಮುಚ್ಚಿ, ಸೆರಗು ಸಿಕ್ಕಿಸಿ, ಸೀಟಿ ಬಾಯಲ್ಲಿಟ್ಟುಕೊಂಡು ನೀರಿನ ಹತ್ತಿರ ಕಾವಲು ನಿಂತೆ. ಎಷ್ಟು ನಕ್ಕೆನೆಂದರೆ ಸೀಟಿ ಊದಲೇ ಆಗಲಿಲ್ಲ.

ಸಂಜೆ ಹೆಡ್‌ಮಾಸ್ಟರು ಇಳಿದು ಬಂದರು. ಕೆನ್ನೆಯ ಮೇಲೆ ಕಂಬಿಯ ಗುರುತು ಬಿದ್ದಿತ್ತು. “ಮಕ್ಕಳೆಲ್ಲ ಅವೆ ತಾನೇ?” ಎಂದರು.

“ಅವೆ. ನಾನೇ ಲೆಕ್ಕ ಹಾಕಿದೀನಿ.”

“ಅಮ್ಮಾ, ಟ್ರಿಪ್ಪು ಅಂದ್ರೆ ಏನಂದ್ಕಂಡಿದೀರಿ? ಬಸ್ಸಲ್ಲಿ ವಾಂತಿ ಕವರ್ ಹಿಡ್ಕಂಡು ಹೊಂಟ್ರೆ, ಮನೆ ಸೇರೋಗಂಟ ತಲೆ ಎಣಿಸೋದೇ ಕೆಲಸ. ನನ್ನ ಸರ್ವೀಸಿನಲ್ಲಿ ಟ್ರಿಪ್ ಹೋದ ದಿನ ಕಣ್ಣು ಮುಚ್ಚಿರಲಿಲ್ಲ ಕಣ್ರೀ!” ಅವರ ದನಿ ಒದ್ದೆಯಾಗಿತ್ತು. “ಮುಂದಿನ ವರ್ಷ ಬಂದೇ ಬತ್ತೀವಿ. ಹೆಡ್‌ಮಾಸ್ಟರುಗಳ ಮೀಟಿಂಗಲ್ಲೂ ಹೇಳ್ತೀನಿ.”

ಮಕ್ಕಳು ಬಸ್ಸಿನ ಕಿಟಕಿಯಿಂದ, “ಇಲ್ಲಿಗೇ ಸಾರ್! ನೀವು ಹಡಗಲ್ಲೇ ಕೂತ್ಕಳಿ ಸಾರ್!” ಎಂದು ಕೂಗುತ್ತಿದ್ದರು. ಟ್ರಿಪ್ಪು ಎಲ್ಲಿಗೆಂದು ನಿರ್ಧಾರವಾಗುವುದು ಸ್ಟಾಫ್ ರೂಮಿನಲ್ಲಿ ಎನ್ನುವುದು ನಮ್ಮ ತಲೆಗೆ ಯಾಕೆ ಹೋಗಿರಲಿಲ್ಲವೋ!

“ನೋಡಿದ್ಯಾ? ಹೊಸದೇ ಗೆಲ್ತು” ಎಂದರು ಯಜಮಾನರು.

“ಹೊಸದಂತೆ! ಅದು ತೊಟ್ಟಿಲು ಕಣ್ರೀ. ಲೋಕದಲ್ಲಿ ಅದಕ್ಕಿಂತ ಹಳೇದು ಯಾವುದೈತೆ?” ಎಂದೆ. ಆ ಜಗಳ ಇನ್ನೂ ಮುಗಿದಿಲ್ಲ.

ಅಣ್ಣ ಮಾತ್ರ ಹಡಗನ್ನೇ ದುರುಗುಟ್ಟಿ ನೋಡುತ್ತಾ ನಿಂತಿದ್ದ. “ಇದೇನು ಮಾಯ ಐತೋ ನಾನೂ ನೋಡೇಬುಡ್ತೀನಿ” ಎಂದು ಹತ್ತಲು ಹೋದ. ನಾನು ಅಡ್ಡ ನಿಂತೆ.

“ಟಿಕೆಟ್.”

“ನಾನು ನಿನ್ನ ಒಡಹುಟ್ಟಿದೋನು ಕಣೇ!”

“ಒಡಹುಟ್ಟಿದೋರಿಗೂ ಟಿಕೆಟ್ಟೇ.”

ಗೊಣಗಿಕೊಂಡು ಕೊಂಡ. ಮೂಗು ಸಿಂಡರಿಸಿಕೊಂಡು ಕೂತ. ಅವನಿಗೆ ನಿದ್ದೆ ಬಾರದ ಕಾಯಿಲೆ. ರಾತ್ರಿಯೆಲ್ಲ ಕೊಬ್ಬರಿ ರೇಟು ಗೊಣಗುತ್ತಾ ಹೊರಳಾಡುತ್ತಾನೆ ಎಂದು ಅತ್ತಿಗೆ ಅಳುತ್ತಾಳೆ. ಐದಾರು ಸಲ ತೂಗಿರಬಹುದು, ಅಷ್ಟೆ. ಅವನ ತಲೆ ಕುತ್ತಿಗೆಯಿಂದ ಕಳಚಿದಂತೆ ಪಕ್ಕಕ್ಕೆ ವಾಲಿತು. ಗಂಟಿಕ್ಕಿದ ಹುಬ್ಬು ಸಡಿಲವಾಯಿತು. ಅಪ್ಪನ ಮುಖವೇ ಅವನಲ್ಲಿ ಕಂಡಿತು. ಸರ್ವೇಯರು ಅಳತೆ ಟೇಪು ಹಿಡಿದು ಕಾದು ಕಾದು, ಕೊನೆಗೆ ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ.

ಗೇಟು ಹಾಕುವ ಹೊತ್ತಿಗೆ ಅಣ್ಣ ಎದ್ದ. ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡಿ, ಪಂಚೆ ಸರಿಮಾಡಿಕೊಂಡು, ಚಿಕ್ಕ ಹುಡುಗನಂತೆ ಕಣ್ಣುಜ್ಜಿದ.

“ಮಂಟಪ?” ಎಂದೆ. ಕೇಳಲು ಭಯವಿತ್ತು, ಆದರೂ ಕೇಳಿದೆ.

“ಅಯ್ಯೋ ಬುಡು. ಮದುವೆ ಮಂಟಪದಾಗೆ ಯಾರಿಗೆ ಮಲಗಾಕಾಯ್ತದೆ, ಆ ವಾಲಗದಾಗೆ?” ಎಂದು ಆಕಳಿಸಿದ. “ನಾಳೆ ಎಷ್ಟೊತ್ತಿಗೆ ತೆಗೀತೀರಾ? ನಿಮ್ಮತ್ತಿಗೇನೂ ಕರ್ಕಂಬತ್ತೀನಿ.”

“ಇಬ್ಬರಿಗೂ ಟಿಕೆಟ್” ಎಂದೆ. ಗದರಿಸಬೇಕೆಂದೇ ಬಾಯಿ ತೆರೆದಿದ್ದೆ, ಆದರೆ ನಗು ಬಂದುಬಿಟ್ಟಿತು.