ಕೈಯಲ್ಲಿದ್ದಷ್ಟು ಹೊತ್ತು

ವರ್ಡೆಲ್ ಸ್ಟಿಗಲ್‌ಗೆ ಎಪ್ಪತ್ತು ತುಂಬಿತ್ತು, ನಿಜ. ಆದರೆ ಆ ಶನಿವಾರ ಬೆಳಿಗ್ಗೆ ಅವನು ಆಟಿಕೆ ಅಂಗಡಿಗೆ ಬಂದ ಹುಡುಗನ ಹಾಗೆ ನಿಂತಿದ್ದ. ಎಡಗೈಯಲ್ಲಿ ಕೋಲ್ಟ್ ಪೈಥಾನ್ ಇತ್ತು, ಬಲಗೈಯಲ್ಲಿ ಸ್ಮಿತ್ ಅಂಡ್ ವೆಸ್ಸನ್. ಎರಡೂ ಅವನ ಮೀಸೆ ಚಿಗುರಿದ ಕಾಲದ ರಿವಾಲ್ವರುಗಳು, ಎರಡೂ ಖಾಲಿ. ಮೇಜಿನಾಚೆ ಮಡಚುವ ಕುರ್ಚಿಯಲ್ಲಿ ಕೂತಿದ್ದ ವ್ಯಾಪಾರಿ, ಮುದುಕ ಹೋಯ್ಟ್, ಯಾರೂ ಗುಂಡು ತುಂಬದಂತೆ ಅವುಗಳಿಗೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಕೊಟ್ಟು, ಕಾಫಿ ಲೋಟ ಹಿಡಿದು ಹಾಯಾಗಿ ಒರಗಿದ್ದ.

ವರ್ಷಕ್ಕೆರಡು ಸಲ ದನಗಳ ಪ್ರದರ್ಶನದ ಶೆಡ್ಡಿನಲ್ಲಿ ನಡೆಯುವ ಈ ಬಂದೂಕಿನ ಸಂತೆಗೆ ನಿಯಮಗಳು ಬೇಕಾದಷ್ಟಿವೆ. ಬಾಗಿಲಲ್ಲೇ ಅಂಟಿಸಿರುತ್ತಾರೆ, ಯಾರೂ ಓದುವುದಿಲ್ಲ. ಎಲ್ಲಿಯೂ ಬರೆಯದ ನಿಯಮವೊಂದಿದೆ, ಅದನ್ನು ಮುರಿದವನನ್ನು ಓಕ್ಲಹೋಮದ ಆ ಮೂಲೆಯಲ್ಲಿ ಮತ್ತೆ ಯಾರೂ ಮಾತಾಡಿಸುವುದಿಲ್ಲ. ಬಂದೂಕು ಒಬ್ಬನ ಕೈಯಲ್ಲಿರುವಷ್ಟು ಹೊತ್ತು ಇನ್ನೊಬ್ಬ ಅದರ ಬೆಲೆ ಕೇಳುವಂತಿಲ್ಲ. ಮೇಜಿನ ಮೇಲೆ ಇಟ್ಟನೋ, ಮುಗಿಯಿತು. ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಎತ್ತಿಕೊಳ್ಳಲು ಆರ್ಲಿಸ್ ಟ್ಯಾಕೆಟ್ ಪಕ್ಕದಲ್ಲೇ ನಿಂತಿದ್ದ. ಶಾಲೆಯಲ್ಲಿ ಒಂದೇ ಬೆಂಚು, ಈಗ ಭಾನುವಾರ ಗುರಿ ಹೊಡೆಯಲು ಒಂದೇ ಮೈದಾನ. ಇಷ್ಟು ಹಳೆಯ ಸ್ನೇಹಿತನಾದ್ದರಿಂದ ಅವನನ್ನು ನಂಬುವ ಪ್ರಶ್ನೆಯೇ ಇರಲಿಲ್ಲ.

"ಆತುರ ಇಲ್ಲ ಕಣಯ್ಯಾ, ನಿಧಾನಕ್ಕೆ ನೋಡು," ಅಂದ ಆರ್ಲಿಸ್, ಒಣಮಾಂಸ ಅಗಿಯುತ್ತಾ. "ನಾನು ಸುಮ್ನೆ ನಿಂತಿದೀನಿ."

"ಹದ್ದೂ ಸುಮ್ನೇ ಸುತ್ತುತ್ತೆ."

"ಎರಡನ್ನೂ ತಗೊಂಡುಬಿಡು ಮತ್ತೆ!"

ಅದೇ ಆಗುವಂತಿರಲಿಲ್ಲ. ಬೆಳಿಗ್ಗೆ ತಿಂಡಿಗೆ ಕೂತಾಗ ಹೆಂಡತಿ ನೆಲ್ಡಾ ತೀರ್ಪು ಕೊಟ್ಟಿದ್ದಳು. ಮನೆಯ ಕಬ್ಬಿಣದ ಕಪಾಟು ತುಂಬಿ, ಬಂದೂಕಿನ ಪೆಟ್ಟಿಗೆಗಳು ಮಂಚದ ಕೆಳಗೂ ಹೊಕ್ಕಿದ್ದವು. "ಇನ್ನು ಒಂದೇ ಒಂದು, ವರ್ಡೆಲ್. ಅದೇ ನಿನ್ನ ಕೊನೇ ಕೈಬಂದೂಕು. ಕೊಡು ಕೈ," ಅಂದಿದ್ದಳು. ಅವನು ಕೈ ಕುಲುಕಿದ್ದ. ಆ ಊರಿನಲ್ಲಿ ಕೈ ಕುಲುಕಿದ ಮೇಲೆ ಮಾತು ತಪ್ಪುವಂತಿಲ್ಲ, ಕುಲುಕಿದ್ದು ಹೆಂಡತಿಯ ಕೈಯೇ ಆದರೂ. ಹಾಗಾಗಿ ಇವತ್ತು ಆರಿಸಿದ್ದೇ ಈ ಜನ್ಮಕ್ಕೆ ಕೊನೆಯದು. ನೆಲ್ಡಾ ಎದುರಿನ ಸಾಲಿನಲ್ಲಿ ಪೀಚ್ ಜಾಮ್ ಮಾರುವವಳ ಜೊತೆ ಮಾತಿಗೆ ನಿಂತಿದ್ದಳು.

ವರ್ಡೆಲ್ ಎರಡನ್ನೂ ಮತ್ತೆ ಮತ್ತೆ ತೂಗಿ ನೋಡಿದ. ಪೈಥಾನ್ ಅಂದರೆ ಸಾಮಾನ್ಯವೇ! ಕಪ್ಪಿಗೆ ತಿರುಗುವ ಆ ನೀಲಿ ಮೈಯಲ್ಲಿ ಅವನ ಮೂಗೇ ಕಾಣುತ್ತಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಊರಿನ ಕಬ್ಬಿಣದ ಸಾಮಾನಿನ ಅಂಗಡಿಯ ಗಾಜಿನಾಚೆ ಇಂಥದ್ದನ್ನೇ ನೋಡಿ, ಊಟ ಸೇರದೆ ಒದ್ದಾಡಿದ್ದ. ಇತ್ತ ಸ್ಮಿತ್‌ಗೆ ಅಂಥ ಠೀವಿಯಿಲ್ಲ, ನೀಲಿ ಅಲ್ಲಲ್ಲಿ ಮಾಸಿದೆ. ಆದರೆ ಅದರ ಮರದ ಹಿಡಿ ಅಂಗೈಗೆ ಬಂದು ಕೂತ ರೀತಿ! ಹಳೆಯ ಚಪ್ಪಲಿಗೆ ಕಾಲು ಹಾಕಿದ ಹಾಗಿತ್ತು.

"ಇಂಥದ್ದೇ ಪೇಚಾಟ ಆಗ್ಲೂ ಆಗಿತ್ತಲ್ವೇನೋ, ನಿನ್ನ ಮೊದಲ್ನೇದು ತಗೋಳೋವಾಗ?" ಆರ್ಲಿಸ್ ಗಾಳ ಹಾಕಿದ. ಮಾತಿಗೆಳೆದರೆ ವರ್ಡೆಲ್ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೈ ಆಡಿಸಿ ಕತೆ ಹೇಳುತ್ತಾನೆಂದು ಅವನಿಗೆ ಚೆನ್ನಾಗಿ ಗೊತ್ತು.

"ಆ ಪೊಲೀಸ್ ಮೂವತ್ತೆಂಟು ಕ್ಯಾಲಿಬರಾ? ಪೇಚಾಟ ಎಲ್ಲಿ ಬಂತು, ಇದ್ದದ್ದೇ ಅದೊಂದು. ಗೋಧಿ ಕೊಯ್ಲಿನ ಕೂಲಿ ಕೈಗೆ ಬಂದ ಸಂಜೆನೇ ಓಡಿದ್ದೆ. ವಾರಗಟ್ಟಲೆ ದಿಂಬಿನ ಕೆಳಗೆ ಇಟ್ಕೊಂಡು ಮಲಗಿದೀನಿ." ವರ್ಡೆಲ್‌ನ ಕಣ್ಣು ಹೊಳೆಯಿತು, ಕೈ ಮಾತ್ರ ಸಡಿಲಲಿಲ್ಲ. "ಈಗ್ಲೂ ಇದೆ, ನೆಲ್ಡಾ ಹತ್ರ. ಟ್ರಿಗರ್ ಗಟ್ಟಿ ಅಂತ ಭಾನುವಾರ ಭಾನುವಾರ ಶಾಪ ಹಾಕ್ತಾಳೆ."

"ಆಮೇಲೆ ಆ ನಲವತ್ನಾಲ್ಕು ತಂದ್ಯಲ್ಲ, ಇನ್ನೂ ದೊಡ್ಡ ಗುಂಡಿಂದು. ಮೊದಲ ಗುಂಡಿಗೇ ಅದು ಹಿಂದಕ್ಕೆ ಹಾರಿ ನಿನ್ನ ಹಣೆಗೇ ಮುದ್ರೆ ಒತ್ತಿತ್ತು. ಚರ್ಚಲ್ಲಿ ಪಾದ್ರಿ, ಇದೇನು ಹೆಂಡ್ತಿ ಹೊಡೆದಳಾ ಅಂತ ಕೇಳಿದ್ದ."

"ಬಾಯ್ಮುಚ್ಚು. ಅದನ್ನೂ ನೆಲ್ಡಾಗೇ ಕೊಟ್ಟೆ. ಅವಳು ಆರಾಮಾಗಿ ಹೊಡೀತಾಳಪ್ಪಾ."

"ಇನ್ನು ಅಮರಿಲ್ಲೋ ಊರಲ್ಲಿ ತಗೊಂಡಿದ್ದು? ಮಳೇಲಿ ಯಾರದೋ ಪಿಕಪ್ ಗಾಡಿ ಬಾನೆಟ್ ಮೇಲೆ ಇಟ್ಟು ವ್ಯಾಪಾರ ಮಾಡಿದ್ದು?"

"ಅಯ್ಯೋ, ಅದು!" ವರ್ಡೆಲ್ ನಕ್ಕುಬಿಟ್ಟ. "ಅವತ್ತು ನಮ್ಮ ಮದುವೆ ಆನಿವರ್ಸರಿ ಕಣೋ. ಊಟಕ್ಕೆ ಅಂತ ನೆಲ್ಡಾನ ಕರ್ಕೊಂಡು ಹೋಗಿ ಕಾರಲ್ಲೇ ಕೂರಿಸಿದ್ದೆ ಪಾಪ. ಅದ್ಭುತವಾದ ಮಾಲು ಅಂದ್ಕೊಂಡೆ, ಮನೇಗೆ ಬಂದು ಹೊಡೆದ್ರೆ ಪಕ್ಕದಿಂದ ಸೀಸದ ಚೂರು ಉಗುಳ್ತಾ ಇತ್ತು. ರಿಪೇರಿ ಮಾಡಿಸಿ ಅವಳ ಡ್ರಾಯರ್‌ಗೆ ಹಾಕಿದೆ. ಅಷ್ಟರಲ್ಲಿ ನಂಗೆ ಬೇರೆ ಸಿಕ್ಕಿತ್ತು."

ಹಳೆಯ ಖರೀದಿಗಳ ಸುಖವೇ ಬೇರೆ. ಮೋಸ ಹೋದದ್ದು ಕೂಡ ವರ್ಷ ಕಳೆದಂತೆ ರುಚಿಯಾಗುತ್ತದೆ. ವರ್ಡೆಲ್ ಆ ರುಚಿಯಲ್ಲಿ ಮುಳುಗಿ, ಪೈಥಾನಿನ ಗುಂಡು ತುಂಬುವ ಸಿಲಿಂಡರ್ ತೆರೆದು ನೋಡೋಣವೆಂದು ಹೆಬ್ಬೆರಳಿನಿಂದ ಅದರ ಚಿಲಕ ಹಿಂದಕ್ಕೆಳೆದ. ತೆರೆದುಕೊಂಡಿತು. ಮುಚ್ಚುವುದು ಹೇಗೆ? ಸಿನಿಮಾದಲ್ಲಿ ಕೈ ಝಾಡಿಸಿ ಟಕ್ಕನೆ ಮುಚ್ಚುತ್ತಾರೆ. ಸಂತೆಯಲ್ಲಿ ಹಾಗೆ ಮಾಡಿದವನನ್ನು ಮೇಜಿನ ಹತ್ತಿರ ಸೇರಿಸುವುದಿಲ್ಲ, ಉಕ್ಕು ಸೊಟ್ಟಗಾಗುತ್ತದೆ. ಎರಡೂ ಕೈ ಬೇಕು. ಅವನು ಸ್ಮಿತ್ತನ್ನು ಕಂಕುಳಿಗೆ ಸಿಕ್ಕಿಸಿದ.

"ಏಯ್! ನಳಿಗೆ ನನ್ನ ಹೊಟ್ಟೆಗೆ ತಿರುಗಿಸ್ತಾ ಇದೀಯಲ್ಲಯ್ಯಾ!" ಹೋಯ್ಟ್ ಕಾಫಿ ಚೆಲ್ಲಿಕೊಂಡು ಗದರಿದ. "ಎರಡರಲ್ಲಿ ಒಂದು ಕೆಳಗಿಡು. ಇಲ್ಲಾಂದ್ರೆ ಎರಡನ್ನೂ ಇಡು."

ಆರ್ಲಿಸ್ ಒಣಮಾಂಸ ಜೇಬಿಗೆ ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಈಗ ತೀರ್ಮಾನ ಆಗಲೇಬೇಕಿತ್ತು. ಪೈಥಾನ್ ತಂದರೆ ನಾನು ಅದನ್ನು ಒರೆಸಿ ಒರೆಸಿ ಇಡುತ್ತೇನೆ, ಗೀರು ಬಿದ್ದೀತೆಂದು ಹೆದರುತ್ತೇನೆ. ಸ್ಮಿತ್ ಆದರೆ ವಾರವಾರವೂ ಹೊಡೆಯುತ್ತೇನೆ. ಕೊನೆಯದು ಕೈಯಲ್ಲೇ ಸವೆಯಬೇಕು. ಸರಿಯಾದ ಲೆಕ್ಕಾಚಾರವೇ. ಆದರೂ ಪೈಥಾನಿನ ಸಿಲಿಂಡರನ್ನು ಮೆಲ್ಲಗೆ ಮುಚ್ಚಿ ಮೇಜಿನ ಹಸಿರು ಬಟ್ಟೆಯ ಮೇಲೆ ಇಡುವಾಗ ಹತ್ತೊಂಬತ್ತರ ಹುಡುಗ ಒಳಗಿನಿಂದ ಚೀರಿದ. ಬೆರಳು ಬಿಡಿಸಿಕೊಳ್ಳಲು ಕಷ್ಟವಾಯಿತು. ಬಿಟ್ಟು, ಕಂಕುಳಿನ ಸ್ಮಿತ್ತನ್ನು ಕೈಗೆ ತೆಗೆದುಕೊಂಡ.

ಆರ್ಲಿಸ್‌ನ ಕೈ ಮುಂದೆ ಬಂತು. ಅದು ಮುಟ್ಟುವ ಮೊದಲೇ, ತೆಳ್ಳನೆಯ ಉಂಗುರವಿದ್ದ ಇನ್ನೊಂದು ಕೈ ನಡುವೆ ತೂರಿ ಪೈಥಾನನ್ನು ಎತ್ತಿಕೊಂಡಿತು.

"ನೆಲ್ಡಾ!" ವರ್ಡೆಲ್ ಕುಣಿದಾಡುವುದೊಂದು ಬಾಕಿ. "ನನ್ನ ಬಂಗಾರ! ನನ್ನ ಮನಸ್ಸು ನಿನ್ನ ಬಿಟ್ರೆ ಇನ್ಯಾರಿಗೆ ಗೊತ್ತಾಗುತ್ತೆ ಹೇಳು!"

ನೆಲ್ಡಾ ಅವನ ಕಡೆ ತಿರುಗಲಿಲ್ಲ. ನಳಿಗೆಯನ್ನು ನೆಲಕ್ಕೆ ತಿರುಗಿಸಿ, ಸಿಲಿಂಡರ್ ತೆರೆದು ಖಾಲಿಯೆಂದು ನೋಡಿ, ಎರಡು ಕೈಯಿಂದ ಮುಚ್ಚಿದಳು. "ಹೋಯ್ಟ್ ಅವ್ರೇ, ಟ್ರಿಗರ್ ಎಳೀಬಹುದಾ?"

"ಎಳಿಯಮ್ಮಾ," ಅಂದ ಹೋಯ್ಟ್. ಅಷ್ಟು ಹೊತ್ತಿಗೆ ಅವನ ಅನುಮತಿ ಕೇಳಿದ್ದು ಅವಳೊಬ್ಬಳೇ.

ಅವಳು ಶೆಡ್ಡಿನ ಮೂಲೆಯ ಖಾಲಿ ಗೋಡೆಗೆ ಗುರಿಯಿಟ್ಟು ನಿಧಾನಕ್ಕೆ ಎಳೆದಳು. ಟ್ರಿಗರ್ ಬೆಣ್ಣೆಯಂತೆ ಹಿಂದಕ್ಕೆ ಬಂತು. ನೆಲ್ಡಾ ಉಸಿರೆಳೆದುಕೊಂಡು ಜೋರಾಗಿ ನಕ್ಕಳು, ಹುಡುಗಿಯರು ನಗುವ ಹಾಗೆ. ಪಕ್ಕದ ಮೇಜಿನವರೂ ತಿರುಗಿ ನೋಡಿದರು. "ಅಬ್ಬಾ! ಟ್ರಿಗರ್ ಅಂದ್ರೆ ಹೀಗಿರುತ್ತಾ! ಎಷ್ಟು ಇದಕ್ಕೆ?"

"ಹೋಯ್ಟ್, ಇದು ಮೋಸ!" ಆರ್ಲಿಸ್ ಕೂಗಿದ. "ಗಂಡ ಕೆಳಗಿಟ್ಟಿದ್ದನ್ನ ಹೆಂಡ್ತಿ ಎತ್ಕೊಂಡ್ರೆ ಅದು ಇಟ್ಟ ಹಾಗೇ ಅಲ್ಲ. ಎರಡೂ ಒಂದೇ ಕೈ ಲೆಕ್ಕ."

ಹೋಯ್ಟ್ ಒಂದು ಗುಟುಕು ಕಾಫಿ ಕುಡಿದ. "ಅವನ ಕೈ ಅವಂದು, ಅವಳ ಕೈ ಅವಳ್ದು. ಅವಳು ಕೆಳಗಿಡೋವರೆಗೂ ನೀನು ಸುಮ್ನಿರು."

"ಕೊನೇದು ಒಂದೇ ಅಂದಿದ್ಯಲ್ಲೇ?" ವರ್ಡೆಲ್ ಮೆಲ್ಲಗೆ ಕೇಳಿದ. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

"ಹೌದು. ನಿನ್ನ ಕೊನೇದು ನಿನ್ನ ಕೈಯಲ್ಲಿದೆ. ಇದು ನನ್ನ ಮೊದಲ್ನೇದು."

"ಮೊದಲ್ನೇದಾ? ನಿನ್ನ ಹತ್ರ ಆಗ್ಲೇ ಆ ಪೊಲೀಸ್ ಮೂವತ್ತೆಂಟಿದೆ, ನಲವತ್ನಾಲ್ಕಿದೆ, ಅಮರಿಲ್ಲೋ..." ಎಣಿಸುತ್ತಿದ್ದದ್ದು ಅವನ ಕಿವಿಗೇ ಬಿತ್ತು. ಗಟ್ಟಿ ಟ್ರಿಗರಿನದು, ಹಣೆಗೆ ಬಡಿದದ್ದು, ಸೀಸ ಉಗುಳಿದ್ದು. ತನಗೆ ಬೇಡವಾದದ್ದನ್ನೆಲ್ಲ ಅವಳಿಗೆ ಕೊಟ್ಟು, ಕೊಟ್ಟೆನೆಂದು ಬೀಗಿದ್ದ. ಅವಳಿಗೆ ಯಾವುದು ಇಷ್ಟ ಎಂದು ಒಂದು ಸಲವೂ ಕೇಳಿರಲಿಲ್ಲ. ವರ್ಡೆಲ್‌ಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವಳ ಆ ನಗು ನೋಡಿ ಸಂತೋಷವಾಯಿತು.

ನೆಲ್ಡಾ ತನ್ನ ಕೈಚೀಲ ತೆರೆದಳು. ಪೈಥಾನನ್ನು ಮಾತ್ರ ಇನ್ನೊಂದು ಕೈಯಲ್ಲಿ ಹಾಗೇ ಹಿಡಿದಿದ್ದಳು.

"ನಾನೊಂದ್ಸಲ ಹಿಡ್ಕೊಂಡು ನೋಡ್ಲಾ?" ಎಂದ ವರ್ಡೆಲ್.

"ನಾನು ನೋಡಿ ಕೆಳಗಿಡೋವರೆಗೂ ತಾಳು," ಅಂದಳು ಅವಳು. ಅವನು ಹಿಂದೆ ಸರಿದು, ಆರ್ಲಿಸ್‌ನ ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡ.